ಕಾವಿಗೆ ಸಡಿಲುವ ನಟ್ಟು

ದೀಪಾವಳಿ ಬಂತೆಂದರೆ ಪುಣೆ, ಮುಂಬಯಿಗಳಲ್ಲಿರುವ ನಮ್ಮವರ ಮನೆಗಳಲ್ಲಿ ಊರಿಗೆ ಹೊರಡುವ ಗಡಿಬಿಡಿ ಆರಂಭವಾಗುತ್ತದೆ. ಹಿಂದೆ ರೈಲಿನ ತಿಕೀಟಿಗಾಗಿ ಸಾಲಿನಲ್ಲಿ ನಿಲ್ಲುತ್ತಿದ್ದವರಲ್ಲಿ ಅನೇಕರು ಈಗ ಸ್ವಂತ ಕಾರಿನಲ್ಲೇ ಹೊರಡುತ್ತಾರೆ. ಚಕ್ರಕ್ಕೆ ಗಾಳಿ ತುಂಬಿಸುತ್ತೇವೆ, ಎಣ್ಣೆ ನೋಡುತ್ತೇವೆ, ಬ್ರೇಕು ಒತ್ತಿ ನೋಡುತ್ತೇವೆ, ಮುಂಗಾಜಿನ ಬಳಿಯ ಗಣಪತಿಗೆ ಹೂ ಏರಿಸುತ್ತೇವೆ. ಆದರೆ ಎಂಜಿನಿನ ಪಕ್ಕದಲ್ಲಿ, ಹೊಗೆಯ ಕೊಳವೆ ಎಂಜಿನಿಗೆ ಕೂಡುವ ಜಾಗದಲ್ಲಿ, ಬೆರಳ ತುದಿಯಷ್ಟಿರುವ ಕೆಲವು ನಟ್ಟುಗಳಿರುತ್ತವೆ. ಅವುಗಳ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ನಾನೂ ಹಾಯಿಸಿರಲಿಲ್ಲ. ಅದರಿಂದಾದ ಒಂದು ಪ್ರಸಂಗವನ್ನೂ, ಆ ಪ್ರಸಂಗದಿಂದ ಕಲಿತ ನಾಲ್ಕು ಮಾತುಗಳನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತು ಒಪ್ಪಿಕೊಳ್ಳಬೇಕು. ಪುಣೆಯ ಒಂದು ಕಾರಖಾನೆಯ ಯಂತ್ರಶಾಲೆಯಲ್ಲಿ ನಾನು ಮೂವತ್ತು ವರುಷಕ್ಕೂ ಮಿಗಿಲಾಗಿ ದುಡಿದವನು. ನಟ್ಟು ಬೋಲ್ಟುಗಳ ನಡುವೆಯೇ ತಲೆ ನರೆತದ್ದು. ಹೀಗಿದ್ದೂ ನನ್ನ ಮನೆಯ ಕಾರಿನ ನಟ್ಟು ನನಗೆ ಪಾಠ ಕಲಿಸಬೇಕಾಯಿತು. "ದೀಪದ ಬುಡದಲ್ಲಿ ಕತ್ತಲೆ" ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಿಪ್ಪಾಣಿಯ ಹತ್ತಿರ ಆದದ್ದು

ಹದಿನೈದು ವರುಷಗಳ ಹಿಂದಿನ ಮಾತು. ಬೆಳಗಿನ ಐದು ಗಂಟೆಗೆ ಪುಣೆ ಬಿಟ್ಟೆವು, ಧಾರವಾಡಕ್ಕೆ ಹೋಗಬೇಕಾಗಿತ್ತು. ಹಿಂದಿನ ಸೀಟಿನಲ್ಲಿ ತಾಯಿಯವರು, ನನ್ನ ಹೆಂಡತಿ, ಏಳು ವರುಷದ ಮಗಳು. ಹೊರಗೆ ಚಳಿ ಇದ್ದುದರಿಂದ ಕಿಟಕಿಗಳನ್ನೆಲ್ಲ ಏರಿಸಿದ್ದೆವು. ಹಿಂದಿನ ವಾರವಷ್ಟೇ ನಮ್ಮ ಬಡಾವಣೆಯ ಒಂದು ಗ್ಯಾರೇಜಿನಲ್ಲಿ ಹೊಗೆಕೊಳವೆಯ ಗ್ಯಾಸ್ಕೆಟ್ಟು ಬದಲಿಸಿ, ಹೊಸ ನಟ್ಟುಗಳನ್ನು ಹಾಕಿಸಿದ್ದೆ. ಎಲ್ಲ ಸರಿಯಾಗಿದೆಯೆಂಬ ನೆಮ್ಮದಿ ಇತ್ತು.

ಖಂಬಾಟಕಿ ಘಾಟು ಏರುವಾಗ ಎಂಜಿನಿನ ಕಡೆಯಿಂದ "ಟಿಕ್ ಟಿಕ್" ಎಂಬ ಸಣ್ಣ ಸದ್ದು ಕೇಳಿಬಂತು. ಹಳೆಯ ಕಾರು, ಏರು ದಾರಿ, ಇರಬಹುದೆಂದು ಬಿಟ್ಟೆ. ಸಾತಾರೆ ದಾಟಿದ ಮೇಲೆ ತಾಯಿಯವರು ತಲೆ ಸಿಡಿಯುತ್ತಿದೆಯೆಂದರು. ಕರಾಡದ ಹೊತ್ತಿಗೆ ಮಗಳು ನಿದ್ದೆ ಹೋದಳು. ಬೆಳಗ್ಗೆ ಬೇಗ ಎದ್ದಿದ್ದಳಲ್ಲ, ಮಲಗಲಿ ಎಂದುಕೊಂಡೆವು. ಕೊಲ್ಹಾಪುರ ದಾಟಿ ನಿಪ್ಪಾಣಿಯ ಹತ್ತಿರ ಚಹಕ್ಕೆಂದು ನಿಲ್ಲಿಸಿ ಅವಳನ್ನು ಎಬ್ಬಿಸಿದರೆ ಏಳಲೊಲ್ಲಳು. ಎತ್ತಿ ಕೆಳಗಿಳಿಸಿದಾಗ ತೂರಾಡಿ ವಾಂತಿ ಮಾಡಿಕೊಂಡಳು. ನನ್ನ ತಲೆಯೂ ಭಾರವಾಗಿತ್ತು. ಘಾಟಿನ ತಿರುವುಗಳಿಂದ ಆದದ್ದೆಂದು ನಾವು ನಿಂಬೆಹಣ್ಣು ಹುಡುಕಲು ಹೊರಟೆವು.

ಚಹದ ಅಂಗಡಿಯ ಪಕ್ಕದಲ್ಲಿ ಒಂದು ತಗಡಿನ ಗ್ಯಾರೇಜು. ಅದರ ಮುಂದೆ ಕುಳಿತಿದ್ದ ವಯಸ್ಸಾದ ಮಿಸ್ತ್ರಿ ನಮ್ಮ ಕಾರು ಬಂದು ನಿಲ್ಲುವ ಸದ್ದು ಕೇಳಿದ್ದ. ಎದ್ದು ಬಂದು, "ಸಾಹೇಬರ, ಹುಡಿಗೀನ ಗಾಳಿಗೆ ಕೂಡಸ್ರಿ ಮೊದಲ. ಗಾಡಿ ಹೊಗಿ ಒಳಗ ಬರಾಕತ್ತೇತಿ" ಎಂದ. ಮುಚ್ಚಳ ಎತ್ತಿ ತೋರಿಸಿದ. ಎಂಟು ನಟ್ಟುಗಳಲ್ಲಿ ಒಂದು ಎಲ್ಲಿಯೋ ಬಿದ್ದುಹೋಗಿತ್ತು. ಎರಡು ತೀರ ಸಡಿಲಾಗಿ ಅಲುಗುತ್ತಿದ್ದವು. ಆ ಜಾಗದಲ್ಲಿ ಗ್ಯಾಸ್ಕೆಟ್ಟಿನ ಅಂಚಿಗೆ ಕಾಡಿಗೆಯಂತೆ ಮಸಿ ಹಿಡಿದಿತ್ತು. ಅಲ್ಲಿಂದ ಸೋರಿದ ಹೊಗೆ, ಮುಂಗಾಜಿನ ಬುಡದಲ್ಲಿ ಒಳಕ್ಕೆ ಗಾಳಿ ಎಳೆದುಕೊಳ್ಳುವ ಕಂಡಿಯ ಮೂಲಕ ನೇರವಾಗಿ ನಮ್ಮ ಮೂಗಿಗೆ ಬರುತ್ತಿತ್ತು.

ಮಗಳನ್ನು ನಿಪ್ಪಾಣಿಯಲ್ಲಿ ವೈದ್ಯರಿಗೆ ತೋರಿಸಿದೆವು. ಆಮ್ಲಜನಕ ಕೊಟ್ಟು ಮಧ್ಯಾಹ್ನದವರೆಗೆ ಮಲಗಿಸಿಕೊಂಡರು. ಸಂಜೆಗೆ ಗೆಲುವಾದಳು. "ಇನ್ನೆರಡು ತಾಸು ಹೀಗೇ ಕಿಟಕಿ ಮುಚ್ಚಿ ಹೋಗಿದ್ದರೆ?" ಎಂದು ವೈದ್ಯರು ಕೇಳಿದ ಪ್ರಶ್ನೆಗೆ ನಾನು ಇಂದಿಗೂ ಉತ್ತರ ಹೇಳಿಲ್ಲ.

ಕಾಣದ ವಿಷ

ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ನೆತ್ತರಿನಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೊಗ್ಲೋಬಿನ್ ಈ ಅನಿಲಕ್ಕೆ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದರೆ ಬೇಗ ಬಿಡದು. ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವಿಕೆ, ತಡೆಯಲಾರದ ತೂಕಡಿಕೆ: ಇವೇ ಅದರ ಲಕ್ಷಣಗಳು. ಇವೆಲ್ಲ ಪ್ರವಾಸದ ಆಯಾಸವೆಂದೇ ತೋರುವುದರಿಂದ ಮೋಸವಾಗುತ್ತದೆ.

"ಈಗಿನ ಕಾರುಗಳಲ್ಲಿ ಹೊಗೆ ಶುದ್ಧಮಾಡುವ ಉಪಕರಣ ಇದೆಯಲ್ಲ" ಎಂದು ಕೆಲವರು ಕೇಳಬಹುದು. ಇದೆ. ೧೯೯೫ರ ಏಪ್ರಿಲಿನಿಂದ ಮುಂಬಯಿ, ದಿಲ್ಲಿ, ಮದರಾಸು, ಕಲಕತ್ತೆಗಳಲ್ಲಿ ಹೊಸ ಪೆಟ್ರೋಲು ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರು ಕಡ್ಡಾಯವಾಯಿತು. ಆದರೆ ಅದು ಇರುವುದು ಮುಂದಕ್ಕೆ, ಕೊಳವೆಯ ದಾರಿಯಲ್ಲಿ. ಎಂಜಿನಿನ ಬಾಯಲ್ಲೇ, ಆ ನಟ್ಟುಗಳ ಸಂದಿಯಲ್ಲೇ, ಸೋರಿದ ಹೊಗೆ ಕನ್ವರ್ಟರನ್ನು ಮುಟ್ಟುವ ಮೊದಲೇ ಹೊರಬಂದಿರುತ್ತದೆ. ಅದು ಶುದ್ಧವಾಗದ ಹಸಿ ಹೊಗೆ. ಜೊತೆಗೆ ಆ ಸಂದಿಯಿಂದ ಹೊರಗಿನ ಗಾಳಿಯೂ ಒಳಗೆ ಸೇರಿ, ಆಮ್ಲಜನಕ ಅಳೆಯುವ ಸೆನ್ಸರಿಗೆ ತಪ್ಪು ಲೆಕ್ಕ ಕೊಡುತ್ತದೆ. ಎಂಜಿನು ಬೇಡದಿದ್ದರೂ ಹೆಚ್ಚು ಪೆಟ್ರೋಲು ಕುಡಿಯುತ್ತದೆ. ಜೀವಕ್ಕೂ ಕೇಡು, ಜೇಬಿಗೂ ಕೇಡು.

ಬೋಲ್ಟು ಎಂದರೆ ಒಂದು ಸ್ಪ್ರಿಂಗು

ಇನ್ನು ನಟ್ಟು ಯಾಕೆ ಸಡಿಲಾಗುತ್ತದೆಂದು ನೋಡೋಣ. ಇದಕ್ಕೆ ಮೊದಲು, ಅದು ಯಾಕೆ ಬಿಗಿಯಾಗಿರುತ್ತದೆಂಬುದನ್ನು ತಿಳಿಯಬೇಕು.

ನಟ್ಟು ಬಿಗಿದಾಗ ಬೋಲ್ಟು ಎರಡು ತುಂಡುಗಳನ್ನು ಸುಮ್ಮನೆ ಹಿಡಿದುಕೊಂಡು ನಿಂತಿರುತ್ತದೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ನಟ್ಟು ತಿರುಗಿದಂತೆ ಬೋಲ್ಟು ಉದ್ದಕ್ಕೆ ಜಗ್ಗುತ್ತದೆ, ರಬ್ಬರಿನ ಪಟ್ಟಿ ಜಗ್ಗಿದ ಹಾಗೆ. ಅದು ಮತ್ತೆ ತನ್ನ ಮೊದಲಿನ ಉದ್ದಕ್ಕೆ ಬರಬೇಕೆಂದು ಹವಣಿಸುವ ಎಳೆತವೇ ಎರಡು ತುಂಡುಗಳನ್ನು ಅದುಮಿ ಹಿಡಿಯುತ್ತದೆ. ಈ ಜಗ್ಗಾಟ ಎಷ್ಟು ಗೊತ್ತೇ? ೪೦ ಮಿಲಿಮೀಟರು ಉದ್ದದ ಒಳ್ಳೆಯ ಉಕ್ಕಿನ ಬೋಲ್ಟನ್ನು ಚೆನ್ನಾಗಿ ಬಿಗಿದರೆ ಅದು ಜಗ್ಗುವುದು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಬರೆಯುವ ಕಾಗದದ ಒಂದು ಹಾಳೆಯ ದಪ್ಪದಷ್ಟು. ಆ ಹಾಳೆಯಷ್ಟು ಜಗ್ಗು ಇರುವವರೆಗೆ ಬಿಗಿ ಇರುತ್ತದೆ. ಅದು ಹೋಯಿತೆಂದರೆ ನಟ್ಟು ಒಂದು ಸುತ್ತೂ ತಿರುಗದೆಯೇ ಬಿಗಿ ಹೋಗಿರುತ್ತದೆ.

ಇನ್ನೊಂದು ಸಂಗತಿ. ನಾವು ಸ್ಪ್ಯಾನರಿನ ಮೇಲೆ ಹಾಕುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧಪಾಲು ನಟ್ಟಿನ ತಳದ ತಿಕ್ಕಾಟಕ್ಕೇ ಹೋಗುತ್ತದೆ. ನೂರಕ್ಕೆ ನಾಲ್ವತ್ತರಷ್ಟು ಮರೆಗಳ ತಿಕ್ಕಾಟಕ್ಕೆ. ಬೋಲ್ಟನ್ನು ಜಗ್ಗಲು ಉಳಿಯುವುದು ನೂರಕ್ಕೆ ಹತ್ತರಷ್ಟು ಮಾತ್ರ. ಆದುದರಿಂದ ಮರೆಗೆ ತುಕ್ಕು ಹಿಡಿದಿದ್ದರೆ ಕೈಗೆ "ಗಟ್ಟಿಯಾಯಿತು" ಎನಿಸಿದರೂ ಬೋಲ್ಟು ಜಗ್ಗಿರುವುದಿಲ್ಲ. ಕೈಯನ್ನು ನಂಬಿ ಮೋಸಹೋಗುವುದು ಇಲ್ಲಿಯೇ.

ಕಮ್ಮಾರಸಾಲೆಯ ಪಾಠ

ನಮ್ಮಲ್ಲಿ ಹಳ್ಳಿಯಲ್ಲಿ ಬೆಳೆದ ಹಿರಿಯರು ಗಾಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕುವುದನ್ನು ನೋಡಿರಬೇಕು. ಹಳಿಯನ್ನು ಗಾಲಿಗಿಂತ ತುಸು ಸಣ್ಣದಾಗಿ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಹಿಗ್ಗಿದಾಗ ಗಾಲಿಗೆ ಬಡಿದು ಕೂಡಿಸುತ್ತಿದ್ದರು. ಮೇಲೆ ನೀರು ಹೊಯ್ದರೆ ಹಳಿ ಕುಗ್ಗಿ, ಕಟ್ಟಿಗೆಯ ಗಾಲಿಯನ್ನು ಉಡಿದುಕೊಂಡು ಬಿಗಿಯಾಗುತ್ತಿತ್ತು. ಕಾವಿಗೆ ಲೋಹ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಕಮ್ಮಾರನಿಗೆ ನೆರವಾದ ಈ ಗುಣವೇ ಎಂಜಿನಿನ ನಟ್ಟಿಗೆ ಶತ್ರು.

ಎಲ್ಲ ಲೋಹಗಳೂ ಒಂದೇ ಅಳತೆಯಲ್ಲಿ ಹಿಗ್ಗಿದರೆ ತೊಂದರೆಯಿರಲಿಲ್ಲ. ಆದರೆ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅಡಿಗೆಮನೆಯ ಪಾತ್ರೆಗಳ ಜಾತಿಯ ಸ್ಟೇನ್‌ಲೆಸ್ ಉಕ್ಕು ಮಾಮೂಲಿ ಉಕ್ಕಿಗಿಂತ ಹೆಚ್ಚೂಕಡಿಮೆ ಒಂದೂವರೆ ಪಟ್ಟು. ಬೀಡುಕಬ್ಬಿಣ ಉಕ್ಕಿಗಿಂತ ತುಸು ಕಡಿಮೆ. ಪ್ರೆಶರ್ ಕುಕ್ಕರಿನ ಹಿಡಿಯ ತಿರುಪು ತಿಂಗಳಿಗೊಮ್ಮೆ ಸಡಿಲಾಗುವುದನ್ನು ಗೃಹಿಣಿಯರೆಲ್ಲ ಬಲ್ಲರು. ಅಲ್ಯುಮಿನಿಯಮ್ಮಿನ ಪಾತ್ರೆ, ಉಕ್ಕಿನ ತಿರುಪು, ಪ್ಲಾಸ್ಟಿಕ್ಕಿನ ಹಿಡಿ. ದಿನಕ್ಕೆರಡು ಬಾರಿ ಮೂರೂ ಮೂರು ಬಗೆಯಾಗಿ ಹಿಗ್ಗಿ ಕುಗ್ಗುತ್ತವೆ. ಕುಕ್ಕರಿನ ಕಾವು ೧೨೦ ಡಿಗ್ರಿ ಸೆಂಟಿಗ್ರೇಡು. ಅದೇ, ಪೆಟ್ರೋಲು ಎಂಜಿನಿನಿಂದ ಹೊರಬೀಳುವ ಹೊಗೆ ಏರುದಾರಿಯಲ್ಲಿ ೮೦೦ ಡಿಗ್ರಿಯನ್ನು ಮುಟ್ಟುವುದುಂಟು. ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡು ಕತ್ತಲೆಯಲ್ಲಿ ಮಂದವಾಗಿ ಕೆಂಪಗೆ ಕಾಣುವಷ್ಟು ಕಾಯಬಲ್ಲದು.

ಈಗ ಒಂದು ಸಣ್ಣ ಲೆಕ್ಕ. ೪೫೦ ಮಿಲಿಮೀಟರು ಉದ್ದದ ಬೀಡುಕಬ್ಬಿಣದ ಮ್ಯಾನಿಫೋಲ್ಡು ೫೦೦ ಡಿಗ್ರಿ ಕಾವೇರಿದರೆ ಸುಮಾರು ಎರಡೂವರೆ ಮಿಲಿಮೀಟರು ಉದ್ದವಾಗುತ್ತದೆ. ಅದು ಕೂಡಿಕೊಂಡಿರುವ ಅಲ್ಯುಮಿನಿಯಮ್ಮಿನ ಎಂಜಿನು ತಲೆಗೆ ನೀರಿನ ತಂಪು ಇರುವುದರಿಂದ ಅದು ಏರುವುದು ೮೦ ಡಿಗ್ರಿ ಮಾತ್ರ; ಹಿಗ್ಗುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಅಂದರೆ ಒಂದರ ಮೇಲೊಂದು ಒತ್ತಿಕೊಂಡಿರುವ ಎರಡು ತುಂಡುಗಳ ನಡುವೆ ಒಂದೂವರೆ ಮಿಲಿಮೀಟರಿಗೂ ಮಿಕ್ಕಿದ ವ್ಯತ್ಯಾಸ. ಮ್ಯಾನಿಫೋಲ್ಡು ನಟ್ಟುಗಳ ಕೆಳಗೆ ಅಡ್ಡಕ್ಕೆ ಜಾರಲೇಬೇಕು. ಗಾಡಿ ನಿಂತು ತಣ್ಣಗಾದಾಗ ಮತ್ತೆ ಹಿಂದಕ್ಕೆ ಜಾರಬೇಕು. ಪ್ರತಿ ಪ್ರವಾಸಕ್ಕೂ ಒಂದು ಜಾರಾಟ. ಎರಡು ತುದಿಗಳ ನಟ್ಟುಗಳೇ ಮೊದಲು ಸಡಿಲಾಗುವುದಕ್ಕೆ ಇದೇ ಕಾರಣ. ಜಾರಾಟ ಅಲ್ಲಿಯೇ ಹೆಚ್ಚು.

ಈ ಅಡ್ಡ ಜಾರಾಟದ ಮಹತ್ವವನ್ನು ಜಗತ್ತಿಗೆ ತೋರಿಸಿಕೊಟ್ಟವನು ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರು. ಬೋಲ್ಟನ್ನು ಉದ್ದಕ್ಕೆ ಎಷ್ಟು ಕುಲುಕಿದರೂ ನಟ್ಟು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ, ಅಡ್ಡಕ್ಕೆ ಜಾರಿಸಿದರೆ ತಾನಾಗಿಯೇ ತಿರುಗಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಅವನು ಯಂತ್ರದ ಮೇಲೆ ಪರೀಕ್ಷಿಸಿ ೧೯೬೯ರಲ್ಲಿ ಪ್ರಕಟಿಸಿದ. ಅದು ಹೇಗೆಂದರೆ, ಭಾರವಾದ ಪೆಟ್ಟಿಗೆಯೊಂದು ಇಳಿಜಾರಿನ ಮೇಲೆ ತಿಕ್ಕಾಟದಿಂದ ನಿಂತಿದೆಯೆನ್ನಿ. ಅದನ್ನು ಪಕ್ಕಕ್ಕೆ ತುಸು ಅಲುಗಿಸಿದರೆ ಪಕ್ಕಕ್ಕೆ ಸರಿಯುವ ಜೊತೆಗೇ ಕೆಳಕ್ಕೂ ಜಾರುತ್ತದೆ. ಬೋಲ್ಟಿನ ಮರೆ ಎಂದರೆ ಸುತ್ತಿಕೊಂಡ ಒಂದು ಇಳಿಜಾರೇ ಅಲ್ಲವೇ?

ಲೋಹವೂ ದಣಿಯುತ್ತದೆ

ಜಾರಾಟವೊಂದೇ ಅಲ್ಲ. ಬಹಳ ಹೊತ್ತು ಕಾವಿನಲ್ಲಿ ಎಳೆತಕ್ಕೆ ಸಿಕ್ಕ ಲೋಹ ಮೆಲ್ಲಮೆಲ್ಲನೆ ಸೋಲುತ್ತದೆ. ಜಗ್ಗಿದ ರಬ್ಬರು ಹಳತಾಗಿ ಮತ್ತೆ ಕುಗ್ಗದಂತೆ, ಬೋಲ್ಟು ಜಗ್ಗಿದ ಉದ್ದಕ್ಕೇ ಒಗ್ಗಿಹೋಗುತ್ತದೆ. ಮೊದಲಿನ ಎಳೆತ ಉಳಿಯುವುದಿಲ್ಲ. ಮಾಮೂಲಿ ಹದಗಟ್ಟಿಸಿದ ಉಕ್ಕಿನ ಬೋಲ್ಟನ್ನು ೩೦೦ ಡಿಗ್ರಿಯ ಮೇಲೆ ನಂಬುವುದು ಕಷ್ಟ. ಗ್ಯಾಸ್ಕೆಟ್ಟೂ ಮೊದಲ ಕೆಲವು ಕಾವುಗಳಲ್ಲಿ ಅದುಮಿ ತೆಳ್ಳಗಾಗುತ್ತದೆ. ನಟ್ಟಿನ ತಳದಲ್ಲಿದ್ದ ಬಣ್ಣ, ಮಸಿ, ತುಕ್ಕಿನ ಪುಡಿ ಇವೂ ಕುಸಿಯುತ್ತವೆ. ಎಲ್ಲ ಸೇರಿ ಕಾಗದದ ಹಾಳೆಯ ದಪ್ಪದಷ್ಟು ಕಳೆದುಹೋಗುವುದು ತಡವೇನು?

ಇಲ್ಲಿಂದಲೇ ಒಂದು ಉಪಾಯವೂ ಹೊಳೆಯುತ್ತದೆ. ಬೋಲ್ಟು ಉದ್ದವಾದಷ್ಟೂ ಅದರ ಜಗ್ಗು ಹೆಚ್ಚು. ೧೫ ಮಿಲಿಮೀಟರಿನ ಗಿಡ್ಡ ಬೋಲ್ಟಿನ ಜಗ್ಗು ನೂರರಲ್ಲಿ ಮೂರು ಪಾಲು ಮಿಲಿಮೀಟರು. ಅಷ್ಟನ್ನು ಗ್ಯಾಸ್ಕೆಟ್ಟೇ ನುಂಗಿಬಿಡುತ್ತದೆ. ಅದೇ, ಉದ್ದದ ಸ್ಟಡ್ಡು ಹಾಕಿ ನಟ್ಟಿನ ಕೆಳಗೆ ದಪ್ಪನೆಯ ಉಕ್ಕಿನ ಕೊಳವೆಯ ತುಂಡೊಂದನ್ನು ಪೋಣಿಸಿದರೆ, ಅಷ್ಟೇ ಕುಸಿದರೂ ಬಿಗಿ ಬಹುಪಾಲು ಉಳಿಯುತ್ತದೆ. ನಟ್ಟು ಸಹ ಕಾದ ಮ್ಯಾನಿಫೋಲ್ಡಿನಿಂದ ದೂರ ಸರಿದು ತುಸು ತಂಪಾಗಿರುತ್ತದೆ.

ಯಾವ ಬೀಗ ಕಾವಿಗೆ ತಡೆಯುತ್ತದೆ?

ನಟ್ಟು ಸಡಿಲಾಗದಂತೆ ಹಾಕುವ ಬೀಗಗಳು ಅನೇಕ. ಆದರೆ ಬೇರೆ ಕಡೆ ಒಳ್ಳೆಯವೆನಿಸಿದ ಬೀಗಗಳು ಇಲ್ಲಿ ಉಪಯೋಗಕ್ಕೆ ಬಾರವು. ನನ್ನ ಕಾರಿನಲ್ಲಾದ ತಪ್ಪು ಇದೇ.

ಆ ಗ್ಯಾರೇಜಿನವರು ಹಾಕಿದ್ದು ಒಳಗೆ ನೈಲಾನಿನ ಬಳೆಯಿರುವ ನಟ್ಟು. ಚಕ್ರದ ಬಳಿ, ಬಾಗಿಲ ಬಳಿ ಅದು ಬಹಳ ಒಳ್ಳೆಯದು. ಆದರೆ ಅದರ ಮಿತಿ ಸುಮಾರು ೧೨೦ ಡಿಗ್ರಿ. ಹೊಗೆಕೊಳವೆಯ ಬಳಿ ನೈಲಾನು ಮೆತ್ತಗಾಗಿ, ಕರಗಿ, ಸುಟ್ಟುಹೋಗುತ್ತದೆ. ಉಳಿಯುವುದು ಬೀಗವಿಲ್ಲದ ಬರಿಯ ನಟ್ಟು. ನಿಪ್ಪಾಣಿಯ ಮಿಸ್ತ್ರಿ ಬಿಚ್ಚಿ ತೋರಿಸಿದ ನಟ್ಟಿನೊಳಗೆ ಕರಿಯ ಅಂಟಿನಂಥ ಕಲೆ ಮಾತ್ರ ಇತ್ತು.

ಎರಡನೆಯದು, ಎಲ್ಲರೂ ಬಲ್ಲ ಸೀಳು ಸ್ಪ್ರಿಂಗು ವಾಷರು. ಅದರ ಗುಣವೆಲ್ಲ ಉಕ್ಕಿನ ಹದದಲ್ಲಿದೆ. ಕೆಂಡದಂಥ ಕಾವಿನಲ್ಲಿ ಹದ ಇಳಿದು ಅದು ಚಪ್ಪಟೆ ಬಳೆಯಾಗುತ್ತದೆ. ತಂಪಾದ ಕಡೆಯೂ ಅದು ಅಡ್ಡ ಜಾರಾಟವನ್ನು ತಡೆಯುವುದು ಅಷ್ಟಕ್ಕಷ್ಟೇ ಎಂಬುದು ಯುಂಕರನ ಬಗೆಯ ಪರೀಕ್ಷೆಗಳಿಂದ ತಿಳಿದಿದೆ.

ಮೂರನೆಯದು, ಮರೆಗೆ ಹಚ್ಚುವ ಅಂಟುದ್ರವ. ೧೯೫೩ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ರಸಾಯನಶಾಸ್ತ್ರದ ಅಧ್ಯಾಪಕ ವರ್ನನ್ ಕ್ರೀಬಲ್ ಕಂಡುಹಿಡಿದ ವಸ್ತು ಇದು. ಗಾಳಿ ಸಿಗದ ಮರೆಗಳ ನಡುವೆ ತಾನಾಗಿಯೇ ಗಟ್ಟಿಯಾಗುತ್ತದೆ. ಮಾಮೂಲಿ ಬಗೆಯದು ೧೫೦ ಡಿಗ್ರಿಯವರೆಗೆ, ಕಾವಿಗೆಂದೇ ಮಾಡಿದ ಬಗೆಯದು ೨೩೦ ಡಿಗ್ರಿಯ ಆಸುಪಾಸಿನವರೆಗೆ ತಾಳೀತು. ಮ್ಯಾನಿಫೋಲ್ಡಿನ ನಟ್ಟಿಗೆ ಅದೂ ಸಾಲದು.

ಹಾಗಾದರೆ ತಾಳುವುದು ಯಾವುದು? ಲೋಹದಿಂದಲೇ ಆದ ಬೀಗಗಳು. ಮೇಲಂಚನ್ನು ತುಸು ಅದುಮಿ ಅಂಡಾಕಾರ ಮಾಡಿದ ನಟ್ಟು ಬೋಲ್ಟಿನ ಮರೆಯನ್ನು ಇಕ್ಕಳದಂತೆ ಹಿಡಿಯುತ್ತದೆ. ಇದಕ್ಕೆ ತಾಮ್ರದ ಲೇಪ ಕೊಟ್ಟದ್ದೂ ಸಿಗುತ್ತದೆ. ಲೇಪದಿಂದ ಮರೆ ಕಚ್ಚಿಕೊಳ್ಳುವುದಿಲ್ಲ. ಕಿವಿ ಮಡಿಸುವ ವಾಷರು ಇನ್ನೊಂದು. ನಟ್ಟು ಬಿಗಿದ ಮೇಲೆ ವಾಷರಿನ ಕಿವಿಯನ್ನು ನಟ್ಟಿನ ಪಕ್ಕಕ್ಕೆ ಮಡಿಸಿ ಬಡಿದರೆ ನಟ್ಟು ತಿರುಗದು. ಮಡಿಸಿದ ಕಿವಿಯನ್ನು ಎರಡನೆಯ ಸಲ ಬಳಸಬಾರದು; ಮುರಿಯುತ್ತದೆ. ಮೂರನೆಯದು ಜೋಡಿ ಬೆಣೆಯ ವಾಷರು: ಎರಡು ವಾಷರುಗಳ ಒಳಮೈಗೆ ಮರೆಯ ಇಳಿಜಾರಿಗಿಂತ ಕಡಿದಾದ ಮೆಟ್ಟಿಲುಗಳಿರುತ್ತವೆ. ನಟ್ಟು ಬಿಚ್ಚಿಕೊಳ್ಳಲು ಹೊರಟರೆ ಮೆಟ್ಟಿಲೇರಬೇಕು. ಏರಿದರೆ ಬೋಲ್ಟು ಇನ್ನೂ ಜಗ್ಗುತ್ತದೆ. ಹೀಗೆ ಸಡಿಲುವ ಯತ್ನವೇ ಬಿಗಿಯಾಗಿ ಪರಿಣಮಿಸುತ್ತದೆ.

ವಿಮಾನಗಳಲ್ಲಿ ಬೋಲ್ಟಿನ ತಲೆಗೆ ತೂತು ಕೊರೆದು, ಜೋಡಿ ಬೋಲ್ಟುಗಳನ್ನು ಹೊಸೆದ ತಂತಿಯಿಂದ ಒಂದಕ್ಕೊಂದು ಕಟ್ಟುವ ಪದ್ಧತಿಯಿದೆ. ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದನ್ನು ಬಿಗಿಯುವ ದಿಕ್ಕಿಗೆ ಎಳೆಯುವಂತೆ ತಂತಿ ಕಟ್ಟುತ್ತಾರೆ. ೧೯೪೦ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ವಿಮಾನ ಕಾರಖಾನೆ ಆರಂಭವಾದಂದಿನಿಂದ ನಮ್ಮ ನಾಡಿನ ಎಷ್ಟೋ ತಲೆಮಾರಿನ ಕೈಗಳು ಈ ವಿದ್ಯೆ ಕಲಿತಿವೆ. ಆದರೆ ಒಂದು ಎಚ್ಚರಿಕೆ. ತಂತಿಯಾಗಲಿ ಕಿವಿಯಾಗಲಿ ನಟ್ಟು ತಿರುಗುವುದನ್ನು ತಡೆದಾವು. ಬೋಲ್ಟಿನ ಎಳೆತ ಕಳೆದುಹೋಗುವುದನ್ನು ತಡೆಯಲಾರವು. ನಟ್ಟು ಬಿದ್ದುಹೋಗದೆ ಇದ್ದರೂ ಹೊಗೆ ಸೋರಬಹುದು.

ಹಿತ್ತಾಳೆಯ ನಟ್ಟಿನ ವಿಷಯವೂ ಹೇಳಬೇಕು. ಹಳೆಯ ಕಾರುಗಳಲ್ಲಿ ಅದನ್ನು ಹಾಕುತ್ತಿದ್ದುದು ಸಡಿಲಾಗದಿರಲೆಂದಲ್ಲ; ಉಕ್ಕಿನ ಸ್ಟಡ್ಡಿಗೆ ತುಕ್ಕಿನಿಂದ ಕಚ್ಚಿಕೊಳ್ಳದೆ, ಬೇಕಾದಾಗ ಬಿಚ್ಚಿ ಬರಲೆಂದು. ಸ್ಟಡ್ಡು ಮುರಿದು ಎಂಜಿನು ತಲೆಯಲ್ಲಿ ಸಿಕ್ಕಿಕೊಂಡರೆ ಆಗುವ ಖರ್ಚು ಕಂಡವರು ಹಿತ್ತಾಳೆಗೆ ಕೈಮುಗಿಯುತ್ತಾರೆ.

ಬಿಗಿಯುವ ಕ್ರಮ

ನಿಪ್ಪಾಣಿಯ ಮಿಸ್ತ್ರಿ ಅಂದು ನನಗೆ ತೋರಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ. ಆಮೇಲೆ ಪುಸ್ತಕಗಳಲ್ಲಿ ನೋಡಿದರೆ ಅವನು ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಮೊದಲು ಅವನು ಏನೂ ಮಾಡಲಿಲ್ಲ. "ತಣ್ಣಗ ಆಗಲಿ" ಎಂದು ಬೀಡಿ ಹಚ್ಚಿ ಕುಳಿತ. ನನಗೋ ಅವಸರ. ಆದರೆ ಕಾದ ಮರೆಯನ್ನು ಬಿಚ್ಚಲು ಹೋದರೆ ಕಚ್ಚಿಕೊಂಡು ಸ್ಟಡ್ಡೇ ಮುರಿಯುತ್ತದೆ. ಬಿಗಿಯಲು ಹೋದರೆ ಅಳತೆ ತಪ್ಪುತ್ತದೆ. ಕೈ ಸುಡುವುದಂತೂ ಇದ್ದೇ ಇದೆ. ತುಕ್ಕು ಹಿಡಿದ ನಟ್ಟಾದರೆ ಹಿಂದಿನ ರಾತ್ರಿಯೇ ಒಳಹೊಗುವ ಎಣ್ಣೆ ಬಿಟ್ಟಿಟ್ಟು, ಬೆಳಗ್ಗೆ ತುಸು ಬಿಚ್ಚಿ, ತುಸು ಬಿಗಿದು, ಮತ್ತೆ ಬಿಚ್ಚಿ, ಹೀಗೆ ಹಿಂದೆ ಮುಂದೆ ಆಡಿಸಿ ತೆಗೆಯಬೇಕು.

ಎರಡನೆಯದಾಗಿ ಮ್ಯಾನಿಫೋಲ್ಡಿನ ಮುಖವನ್ನು ಕೆರೆದು ಸ್ವಚ್ಛಮಾಡಿ, ಅದರ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿದ. ಮುಖ ಸೊಟ್ಟಗಾಗಿದ್ದರೆ ಯಾವ ನಟ್ಟೂ ಉಳಿಯದು. ಲೇತಿನ ಅಂಗಡಿಗೆ ಕಳಿಸಿ ಸಮಮಾಡಿಸಬೇಕು. ನಮ್ಮದು ನೆಟ್ಟಗಿತ್ತು. ಹಳೆಯ ಗ್ಯಾಸ್ಕೆಟ್ಟನ್ನು ಎಸೆದು ಹೊಸದನ್ನು ತರಿಸಿದ. ಒಮ್ಮೆ ಅದುಮಿದ ಗ್ಯಾಸ್ಕೆಟ್ಟು ಎರಡನೆಯ ಸಲ ಅದುಮುವುದಿಲ್ಲ.

ಮೂರನೆಯದಾಗಿ ಸ್ಟಡ್ಡಿನ ಮರೆಗಳನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ, ಕಾವಿಗೆ ತಾಳುವ ತಾಮ್ರದ ಲೇಹ್ಯವನ್ನು ಬೆರಳಿನಿಂದ ತೆಳುವಾಗಿ ಸವರಿದ. ನಿಕ್ಕಲಿನ ಲೇಹ್ಯ ಇನ್ನೂ ಹೆಚ್ಚು ಕಾವು ತಾಳುತ್ತದೆ. ಇದು ಅಂಟಲ್ಲ, ಮರೆಗಳು ಕಚ್ಚಿಕೊಳ್ಳದಿರಲೆಂದು. ಲೇಹ್ಯ ಹಚ್ಚಿದರೆ ತಿಕ್ಕಾಟ ಕಡಿಮೆಯಾಗುವುದರಿಂದ, ಒಣ ಮರೆಗೆ ಹೇಳಿದ ಬಲವನ್ನೇ ಹಾಕಿದರೆ ಸ್ಟಡ್ಡು ಮಿತಿಮೀರಿ ಜಗ್ಗುತ್ತದೆ. ಬಲವನ್ನು ತುಸು ಇಳಿಸಬೇಕು. ಎಷ್ಟೆಂಬುದನ್ನು ಲೇಹ್ಯದ ಡಬ್ಬಿಯ ಮೇಲೂ ಗಾಡಿಯ ಪುಸ್ತಕದಲ್ಲೂ ನೋಡಿಕೊಳ್ಳಬೇಕು.

ನಾಲ್ಕನೆಯದು ಸರದಿ. ನಡುವಿನ ನಟ್ಟಿನಿಂದ ಆರಂಭಿಸಿ ಎಡಕ್ಕೊಂದು ಬಲಕ್ಕೊಂದು ಎಂದು ತುದಿಗಳ ಕಡೆ ಹೋಗಬೇಕು. ಒಂದೇ ಸಲಕ್ಕೆ ಪೂರ್ಣ ಬಿಗಿಯದೆ ಮೂರು ಸುತ್ತಿನಲ್ಲಿ ಬಿಗಿಯಬೇಕು. ಹಾಸಿಗೆಯ ಮೇಲೆ ಚಾದರ ಹಾಸುವಾಗ ನಡುವಿನಿಂದ ಅಂಚಿಗೆ ಸುಕ್ಕು ಸರಿಪಡಿಸುತ್ತೇವಲ್ಲ, ಹಾಗೆಯೇ. ಬಲ ತೋರಿಸುವ ಟಾರ್ಕು ಸ್ಪ್ಯಾನರು ಇದ್ದರೆ ಮಾತ್ರ ಸರಿಯಾದೀತು. ತುದಿಗಳ ತೂತು ಸ್ಟಡ್ಡಿಗಿಂತ ದೊಡ್ಡದಾಗಿರುವುದನ್ನು ನೋಡಿ ಯಾರಾದರೂ ಅದಕ್ಕೆ ಬಳೆ ತುರುಕಿ ತುಂಬಲು ಹೋದಾರು, ಬೇಡ. ಆ ಸಡಿಲು ಹಿಗ್ಗಿ ಜಾರಲೆಂದೇ ಬಿಟ್ಟದ್ದು. ಹಾಗೆಯೇ ಕೆಲವು ಕಾರುಗಳಲ್ಲಿ ಮುಂದಿನ ಕೊಳವೆಯ ಕೀಲಿಗೆ ಸ್ಪ್ರಿಂಗು ಹಾಕಿದ ಬೋಲ್ಟುಗಳಿರುತ್ತವೆ. ಸ್ಪ್ರಿಂಗು ಪೂರ್ತಿ ಅದುಮುವಂತೆ ಬಿಗಿದು "ಗಟ್ಟಿ" ಮಾಡಬಾರದು.

ಐದನೆಯದನ್ನು ಎಲ್ಲರೂ ಮರೆಯುತ್ತಾರೆ. ಹೊಸ ಗ್ಯಾಸ್ಕೆಟ್ಟು ಹಾಕಿದ ಮೇಲೆ ಗಾಡಿಯನ್ನು ಒಮ್ಮೆ ಚೆನ್ನಾಗಿ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಎಲ್ಲ ನಟ್ಟುಗಳನ್ನು ಇನ್ನೊಮ್ಮೆ ಅದೇ ಸರದಿಯಲ್ಲಿ ಪರೀಕ್ಷಿಸಬೇಕು. ಗಾಡಿಯ ಪುಸ್ತಕ ಬೇರೆ ಹೇಳಿದ್ದರೆ ಪುಸ್ತಕದ ಮಾತೇ ಮೇಲು. ನನ್ನ ಗ್ಯಾರೇಜಿನವರು ಇದನ್ನು ಹೇಳಲಿಲ್ಲ; ನಾನೂ ಕೇಳಲಿಲ್ಲ.

ನಟ್ಟಿನ ತಪ್ಪಲ್ಲ

ಕೆಲಸ ಮುಗಿಯಿತೆಂದು ನಾನು ಹಣ ತೆಗೆಯಲು ಹೋದರೆ ಮಿಸ್ತ್ರಿ ಗಾಡಿಯ ಕೆಳಗೆ ನುಸುಳಿದ. ಹೊರಗೆ ಬಂದು ನನ್ನನ್ನು ಕರೆದು ತೋರಿಸಿದ. ಸೈಲೆನ್ಸರನ್ನು ತೂಗುಹಾಕುವ ರಬ್ಬರಿನ ಬಳೆಗಳಲ್ಲಿ ಒಂದು ಹರಿದುಹೋಗಿತ್ತು. "ನಟ್ಟ ಬಿಗಿ ಮಾಡಿದ್ರ ಆತೇನ್ರೀ? ಯಾಕ ಸಡಲಾತು ಅನ್ನೂದು ನೋಡಬೇಕಲ್ಲ. ಇಷ್ಟುದ್ದ ಕೊಳವಿ ಭಾರ ಎಲ್ಲಾ ಆ ಎಂಟ ನಟ್ಟಿನ ಮ್ಯಾಲ ಜೋತಾಡಾಕತ್ತೇತಿ."

ನನಗೆ ನಾಚಿಕೆಯಾಯಿತು. ಕಾರಖಾನೆಯಲ್ಲಿ ಹೊಸ ಹುಡುಗರಿಗೆ ನಾನೇ ಹೇಳುತ್ತಿದ್ದ ಮಾತದು. ಸೈಲೆನ್ಸರಿನ ತೂಗುಬಳೆ ಹರಿದಿದ್ದರೆ, ಎಂಜಿನು ಕುಳಿತಿರುವ ರಬ್ಬರು ಕಾಲುಗಳು ಕುಸಿದಿದ್ದರೆ, ಕೊಳವೆಯನ್ನು ಆಧರಿಸುವ ಪಟ್ಟಿ ಮುರಿದಿದ್ದರೆ, ಪ್ರತಿ ಕುಲುಕೂ ಮ್ಯಾನಿಫೋಲ್ಡಿನ ನಟ್ಟಿಗೇ ಮುಟ್ಟುತ್ತದೆ. ಒಂದೇ ನಟ್ಟು ಮತ್ತೆ ಮತ್ತೆ ಸಡಿಲಾಗುತ್ತಿದ್ದರೆ ಅದು ನಟ್ಟಿನ ತಪ್ಪಲ್ಲ. ಬೇರೆಲ್ಲಿಯೋ ಆದ ಕೇಡನ್ನು ಅದು ಹೇಳುತ್ತಿದೆ. ಸ್ಕೂಟರು, ಮೋಟಾರು ಸೈಕಲ್ಲುಗಳಲ್ಲೂ ಹೀಗೆಯೇ: ಹಿಂದಿನ ಆಧಾರದ ಬೋಲ್ಟು ಹೋದರೆ ಮುಂದಿನ ನಟ್ಟು ಉಳಿಯದು. ಅಲ್ಲಿ ವಿಷದ ಭಯ ಕಡಿಮೆ, ಆದರೆ ಕಾದ ಸೈಲೆನ್ಸರು ಕಳಚಿ ಬೀಳುವ ಭಯ ಉಂಟು. ನಮ್ಮ ವಸತಿ ಸಂಘಗಳ ನೆಲಮಾಳಿಗೆಯಲ್ಲಿರುವ ಡೀಸೆಲು ಜನರೇಟರುಗಳಿಗಂತೂ ಈ ಪರೀಕ್ಷೆ ಇನ್ನೂ ಅಗತ್ಯ. ಮುಚ್ಚಿದ ನೆಲಮಾಳಿಗೆಯೆಂದರೆ ದೊಡ್ಡದೊಂದು ಕಾರಿನ ಒಳಗೇ ಅಲ್ಲವೇ?

ಮನೆಯವರು ಗಮನಿಸಬೇಕಾದುದು

ಸ್ಪ್ಯಾನರು ಹಿಡಿಯಲು ಬಾರದವರೂ ಗಮನಿಸಬಹುದಾದ ಗುರುತುಗಳಿವೆ. ಬೆಳಗ್ಗೆ ತಣ್ಣಗಿನ ಎಂಜಿನು ಚಾಲೂ ಮಾಡಿದಾಗ "ಟಿಕ್ ಟಿಕ್" ಸದ್ದು ಬಂದು, ಕಾವೇರಿದ ಮೇಲೆ ಕಡಿಮೆಯಾದರೆ, ಹೊಗೆ ಸೋರುತ್ತಿರುವ ಸಂಶಯ ಪಡಬೇಕು. ಲೋಹ ಹಿಗ್ಗಿ ಸಂದಿ ತುಸು ಮುಚ್ಚುವುದರಿಂದ ಸದ್ದು ಅಡಗುತ್ತದೆ, ರೋಗ ಹೋಗಿರುವುದಿಲ್ಲ. ನನ್ನ ಕಾರಿನಂತೆ ಏರುದಾರಿಯಲ್ಲಿ ಹೊಸದಾಗಿ ಸದ್ದು ಹುಟ್ಟಿದರಂತೂ ಮುಂದಕ್ಕೆ ಹೋಗಲೇಬಾರದು. ಕೂಡಿಕೆಯಲ್ಲಿ ಕರಿ ಮಸಿ ಕಂಡರೆ, ಕಾರಿನೊಳಗೆ ಹೊಗೆಯ ವಾಸನೆ ಬಂದರೆ, ಪೆಟ್ರೋಲು ಕಾರಣವಿಲ್ಲದೆ ಹೆಚ್ಚು ಖರ್ಚಾದರೆ, ಗ್ಯಾರೇಜಿಗೆ ಹೋಗಬೇಕು. ಸೋರಿಕೆ ಹುಡುಕಲೆಂದು ಕಡ್ಡಿ ಗೀರಿ ಹಿಡಿಯುವ ಸಾಹಸ ಮಾತ್ರ ಬೇಡ, ಹತ್ತಿರದಲ್ಲೇ ಪೆಟ್ರೋಲಿದೆ.

ಪ್ರವಾಸದಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು ಬಂದು, ಕೆಳಗಿಳಿದ ಮೇಲೆ ಹಗುರವೆನಿಸಿದರೆ, ಅದನ್ನು ಆಯಾಸವೆಂದು ತಳ್ಳಿಹಾಕಬೇಡಿರಿ. ಕೂಡಲೆ ಗಾಡಿ ನಿಲ್ಲಿಸಿ, ಎಂಜಿನು ಆರಿಸಿ, ಎಲ್ಲರೂ ಹೊರಗಿನ ಗಾಳಿಗೆ ಬನ್ನಿರಿ. ಯಾರಾದರೂ ಮಂಪರಿನಲ್ಲಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಲಗಿದ ಮಕ್ಕಳನ್ನು ನಡುನಡುವೆ ಮಾತಾಡಿಸಿ ನೋಡಿರಿ.

ಅಂದು ಮಧ್ಯಾಹ್ನ ಮಿಸ್ತ್ರಿ ತನ್ನ ಡಬ್ಬಿಯಿಂದ ಹುಡುಕಿ ಹಾಕಿಕೊಟ್ಟ ತಾಮ್ರಲೇಪದ ನಟ್ಟುಗಳು ಆ ಕಾರನ್ನು ನಾವು ಮಾರುವವರೆಗೂ ಹಾಗೆಯೇ ಇದ್ದವು. ಪ್ರತಿ ವರುಷ ಊರಿಗೆ ಹೊರಡುವ ಹಿಂದಿನ ದಿನ, ಗಾಡಿ ತಣ್ಣಗಿದ್ದಾಗ, ನಾನೇ ಕುಳಿತು ಅವನ್ನು ನೋಡುತ್ತಿದ್ದೆ. ಟಾರ್ಚು ಹಿಡಿಯುವ ಕೆಲಸ ಮಗಳದಾಗಿತ್ತು. ಈಗ ಅವಳದೇ ಕಾರು, ಅವಳದೇ ಟಾರ್ಚು. ಮೊನ್ನೆ ಫೋನಿನಲ್ಲಿ, "ನಟ್ಟು ನೋಡಿಸಿದಿಯಾ?" ಎಂದು ನಾನು ಕೇಳುವ ಮೊದಲೇ, "ನೋಡಿಸೀನಿ, ತೂಗುಬಳೀನೂ ನೋಡಿಸೀನಿ" ಎಂದಳು.

ವಾಚಕರಲ್ಲಿ ನನ್ನದು ಇಷ್ಟೇ ವಿನಂತಿ. ಈ ಸಲ ಊರಿಗೆ ಹೊರಡುವ ಮೊದಲು ಗ್ಯಾರೇಜಿನಲ್ಲಿ ಹತ್ತು ನಿಮಿಷ ನಿಂತು, ಹೊಗೆಕೊಳವೆಯ ನಟ್ಟುಗಳನ್ನೂ ಅದರ ಆಧಾರಗಳನ್ನೂ ಕಣ್ಣಾರೆ ನೋಡಿಸಿಕೊಳ್ಳಿರಿ. ಕಿಟಕಿಯನ್ನು ತುಸು ತೆರೆದಿಡಿರಿ. ಪ್ರಯಾಣ ಸುಖಕರವಾಗಲಿ.